ಡೋರ್ ಲಾಕ್ ಮನೆಯ ನಾಯಿ

ನನ್ನ ಮನೆಯಲ್ಲಿ ನಾಯಿ ಸಾಕಬಾರದು ಎಂದು ಬಾಡಿಗೆ ಕರಾರಿನಲ್ಲಿ ನಾನೇ ಬರೆಸಿದ್ದೆ. ನಾಯಿ, ಬೆಕ್ಕು, ಗೋಡೆಗೆ ಮೊಳೆ, ಈ ಮೂರೂ ಕೂಡದು. ಮೇಲಿನ ಮನೆಯಲ್ಲಿ ಹನ್ನೊಂದು ವರ್ಷದಿಂದ ಬಾಡಿಗೆಗಿರುವ ಚನ್ನಕೇಶವ ಇದುವರೆಗೆ ಒಂದು ಮೊಳೆಯನ್ನೂ ಹೊಡೆದವನಲ್ಲ. ಅವನ ಹೆಂಡತಿ ಕುಸುಮಾ ದೇವರ ಪಟಗಳಿಗೆ ದಾರ ಕಟ್ಟಿ ಕಿಟಕಿಯ ಸರಳಿಗೆ ತೂಗುಹಾಕಿದ್ದಳು. ಅಂಥವನು ಮಾರ್ಚ್ ಮೊದಲ ವಾರದ ಒಂದು ಮಧ್ಯಾಹ್ನ ನಾಯಿಯನ್ನು ಹಿಂದಿಟ್ಟುಕೊಂಡು ಗೇಟಿನಲ್ಲಿ ನಿಂತಿದ್ದಾಗ ನನಗೆ ಮೈಯೆಲ್ಲ ಉರಿದುಹೋಯಿತು.

ಅವನು ಕರೆದುಕೊಂಡು ಬಂದ ಎನ್ನುವುದು ತಪ್ಪಾಗುತ್ತದೆ. ಅದೇ ಬಂದಿತ್ತು. ಕಂದು ಬಣ್ಣದ ನಾಟಿ ನಾಯಿ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತುಬಿದ್ದದ್ದು. ಪಕ್ಕೆಲುಬು ಎಣಿಸಬಹುದಿತ್ತು. ಕುತ್ತಿಗೆಗೆ ಹಳೆಯ ಸೀರೆಯ ಹಸಿರು ಅಂಚನ್ನು ಮಡಿಚಿ ಹೊಲಿದ ಪಟ್ಟಿ ಇತ್ತು. ಬಿಲ್ ಕೊಡುತ್ತಾ ಹೋಗುವಾಗ ಎಲ್ಲಿಂದಲೋ ಬೆನ್ನುಹತ್ತಿದೆ, ಮೂರು ಬೀದಿ ದಾಟಿದ ಮೇಲೆ ನೋಡಿದೆ, ಗದರಿಸಿದರೂ ಹೋಗಲಿಲ್ಲ ಎಂದು ಅವನು ಹೇಳಿದ. ಪಟ್ಟಿ ಇದೆ ಎಂದ ಮೇಲೆ ಯಾರದೋ ಮನೆಯದು, ಹುಡುಕಿ ಒಪ್ಪಿಸುತ್ತೇನೆ ಎಂದ. ಅವನ ಬಾಯಿಂದ ಅಷ್ಟು ಉದ್ದದ ಮಾತು ಕೇಳಿ ನಾಲ್ಕು ತಿಂಗಳಾಗಿತ್ತು. ಅದಕ್ಕೇ ಇರಬೇಕು, ಆವತ್ತು ಆಯಿತು ಎಂದುಬಿಟ್ಟೆ.

ಚನ್ನಕೇಶವ ಮೀಟರ್ ರೀಡರ್. ತಿಂಗಳ ಮೊದಲ ಎರಡು ವಾರ ಬಿಲ್ಲಿನ ಯಂತ್ರವನ್ನು ಹೆಗಲಿಗೆ ನೇತುಹಾಕಿಕೊಂಡು ಬಸವೇಶ್ವರನಗರದ ಗೇಟುಗಳ ಮುಂದೆ "ಮೀಟ...ರ್" ಎಂದು ಕೂಗುವುದು ಅವನ ಕೆಲಸ. ಹದಿನೇಳು ವರ್ಷದಿಂದ ಕೂಗುತ್ತಿದ್ದಾನೆ. ಕೂಗಿಗೆ ಒಂದು ರಾಗವೇ ಇದೆ, ಮೊದಲು ಏರಿ ಕೊನೆಗೆ ನೆಲಕ್ಕೆ ಬಿದ್ದುಬಿಡುತ್ತದೆ. ಕುಸುಮಾ ಅದನ್ನು ಅಣಕಿಸುತ್ತಿದ್ದಳು. ಯಾರ ಮನೆಯ ಮೀಟರ್ ಮೆಟ್ಟಿಲ ಕೆಳಗಿದೆ, ಯಾರದು ಚಪ್ಪಲಿ ಸ್ಟ್ಯಾಂಡಿನ ಹಿಂದಿದೆ, ಯಾವ ಮನೆಯ ನಾಯಿ ಬರೀ ಬೊಗಳುತ್ತದೆ, ಯಾವುದು ಬಂದು ಕಚ್ಚುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ಎರಡು ಸಲ ಕಚ್ಚಿಸಿಕೊಂಡಿದ್ದಾನೆ, ಎರಡೂ ದೊಡ್ಡ ಮನೆಗಳ ಸಣ್ಣ ನಾಯಿಗಳು. ಹಾಗಾಗಿ ಈ ನಾಯಿ ತನ್ನ ಬೀದಿಗಳದ್ದಲ್ಲ ಎಂದು ಅವನು ಖಡಾಖಂಡಿತವಾಗಿ ಹೇಳಿದಾಗ ನಾನು ನಂಬಿದೆ. ನನ್ನ ಬೀದಿಯ ನಾಯಿ ನನಗೆ ಬೊಗಳದೇ ಇರುತ್ತಾ ಎಂದು ಅವನ ವಾದ. ಇದು ಅವನಿಗೆ ಒಂದು ಸಲವೂ ಬೊಗಳಿರಲಿಲ್ಲ.

ಕುಸುಮಾಳ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ನನಗಿಂತ ಹದಿನೈದು ವರ್ಷ ಚಿಕ್ಕವಳು. ಮಕ್ಕಳಿರಲಿಲ್ಲ. ಬೆಳಿಗ್ಗೆ ಎದ್ದರೆ ಕರಿಬೇವು ಕೀಳಲು ಕೆಳಗೆ ಬರುತ್ತಿದ್ದಳು, ನಾನು ಗಿಡ ಬೋಳಿಸಬೇಡ ಎನ್ನುತ್ತಿದ್ದೆ, ಅವಳು ಗಿಡ ಚಿಗುರುವುದೇ ಕಿತ್ತರೆ ಎನ್ನುತ್ತಿದ್ದಳು. ಹನ್ನೊಂದು ವರ್ಷ ಇದೊಂದೇ ಜಗಳ. ಈಗ ಗಿಡ ಕಾಂಪೌಂಡಿನ ಎತ್ತರಕ್ಕೆ ಬೆಳೆದಿದೆ, ನನ್ನ ಜೊತೆ ಜಗಳವಾಡುವವರು ಯಾರೂ ಇಲ್ಲ.

ದೀಪಾವಳಿ ಕಳೆದ ಐದನೇ ದಿನ ಜ್ವರ ಎಂದು ಆಸ್ಪತ್ರೆಗೆ ಸೇರಿಸಿದರು. ಎಂಟನೇ ದಿನ ಸಂಜೆ ಐದಕ್ಕೆ ಚನ್ನಕೇಶವನ ಫೋನು ಬಂತು. "ಅಕ್ಕಾ, ಕುಸುಮಾ ಹೋಗ್ಬಿಟ್ಲು" ಎಂದ.

ನಾನು ಕೇಳಿದ್ದು ಇದು: "ಎಷ್ಟೊತ್ತಿಗೆ?"

ಅಯ್ಯೋ ಎನ್ನಲಿಲ್ಲ, ನೀನು ಹೇಗಿದೀಯಪ್ಪ ಎಂದೂ ಕೇಳಲಿಲ್ಲ. ಗಂಟೆ ಕೇಳಿದೆ. ಕೇಳುತ್ತಲೇ ಗೋಡೆಯ ಕ್ಯಾಲೆಂಡರಿನ ಹತ್ತಿರ ನಡೆದಿದ್ದೆ.

ನಮ್ಮಲ್ಲಿ ಇದನ್ನು ನೋಡುತ್ತಾರೆ. ಧನಿಷ್ಠೆಯಿಂದ ರೇವತಿಯವರೆಗೆ ಐದು ನಕ್ಷತ್ರಗಳಿವೆ. ಅವುಗಳಲ್ಲಿ ಯಾರಾದರೂ ತೀರಿಕೊಂಡರೆ ಮನೆಗೆ ಪಂಚಕ ಹಿಡಿಯಿತು ಎನ್ನುತ್ತಾರೆ. ಆರು ತಿಂಗಳು ಬೀಗ ಹಾಕಿ ಎಲ್ಲರೂ ಹೊರಗೆ ಹೋಗಿಬಿಡಬೇಕು. ಹೋಗದಿದ್ದರೆ ಅದೇ ಮನೆಯಿಂದ ಇನ್ನೊಬ್ಬರು ಹೊರಡುತ್ತಾರೆ ಎಂದು ನಂಬಿಕೆ. ಆಸ್ಪತ್ರೆಯಲ್ಲಿ ಹೋದರೆ ಮನೆಗೇನೂ ಇಲ್ಲ ಎನ್ನುವವರಿದ್ದಾರೆ, ದೇಹ ಮನೆಗೆ ಬಂದರೆ ಮುಗಿಯಿತು ಎನ್ನುವವರೂ ಇದ್ದಾರೆ. ಹೊಸಹಳ್ಳಿಯ ನಮ್ಮ ಹಳೇ ಮನೆಯನ್ನು ನಮ್ಮತ್ತೆ ಇದೇ ಕಾರಣಕ್ಕೆ ಮುಚ್ಚಿಸಿ ನಮ್ಮನ್ನೆಲ್ಲ ಒಂದು ಕೋಣೆಯ ಬಾಡಿಗೆ ಮನೆಯಲ್ಲಿಟ್ಟಿದ್ದರು. ನಾನು ಬಿ.ಎ. ಮಾಡಿದವಳು, ಆಗ ಅತ್ತೆಯನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಈಗ ನನ್ನ ಯಜಮಾನರು ಪುರುಷೋತ್ತಮ ಎದೆಯಲ್ಲಿ ಎರಡು ಸ್ಟೆಂಟ್ ಹಾಕಿಸಿಕೊಂಡು ಕೆಳಗಿನ ಮನೆಯ ಜಗಲಿಯಲ್ಲಿ ಪೇಪರ್ ಓದುತ್ತಾ ಕೂರುತ್ತಾರೆ. ಮೇಲಿನ ಮನೆ, ಕೆಳಗಿನ ಮನೆ ಎಂದರೂ ಹೊಸ್ತಿಲು ಎರಡು, ತಳಪಾಯ ಒಂದೇ.

ಆ ದಿನ ಮೂರು ಇಪ್ಪತ್ತರವರೆಗೆ ಶ್ರವಣ, ಆಮೇಲೆ ಧನಿಷ್ಠಾ ಎಂದು ಕ್ಯಾಲೆಂಡರಿನಲ್ಲಿತ್ತು.

ಎಷ್ಟೊತ್ತಿಗೆ ಎಂದು ಅವನು ನನ್ನ ಮಾತನ್ನೇ ಒಂದು ಸಲ ತಿರುಗಿ ಹೇಳಿದ. ಆಮೇಲೆ ಅವನು, "ಎರಡೂವರೆಗೆ ಅಕ್ಕಾ" ಎಂದ. ನಾನು "ಸದ್ಯ" ಎಂದೆ. ಮನಸ್ಸಿನಲ್ಲಲ್ಲ, ಫೋನಿಗೆ ಬಾಯಿಟ್ಟೇ ಅಂದೆ. ಹೆಂಡತಿ ಸತ್ತು ಇನ್ನೂ ದೇಹ ಕೈಗೆ ಸಿಗದ ಗಂಡಸಿನ ಕಿವಿಯಲ್ಲಿ ಸದ್ಯ ಎಂದವಳು ನಾನು.

ಆ ರಾತ್ರಿ ಅವಳನ್ನು ಮನೆಗೇ ತಂದರು. ಹದಿಮೂರು ದಿನ ಕಳೆದ ಮೇಲೆ ಅವನು ಕೆಲಸಕ್ಕೆ ಹೊರಟ. ಅಳುವುದಿಲ್ಲ, ಕುಡಿಯುವುದಿಲ್ಲ, ಯಾರನ್ನೂ ಬಯ್ಯುವುದಿಲ್ಲ. ಊಟ ಆಯ್ತಾ ಎಂದರೆ ಆಯ್ತು, ಚಳಿ ಇದೆಯಾ ಎಂದರೆ ಇದೆ. ಕರಿಬೇವು ತಗೊಂಡು ಹೋಗು ಎಂದರೆ ಎರಡು ಎಸಳು ಕಿತ್ತುಕೊಂಡು ಹೋಗಿ ಕಿಟಕಿಯ ಕಟ್ಟೆಯ ಮೇಲೆ ಒಣಗಲು ಬಿಡುತ್ತಿದ್ದ. ನಮ್ಮ ಎರಡೂ ಮೀಟರುಗಳನ್ನು ಓದುವವನು ಅವನೇ. ಕುಸುಮಾ ಇದ್ದಾಗ ಮೇಲಿನ ಮನೆಗೆ ತಿಂಗಳಿಗೆ ತೊಂಬತ್ತು ಯೂನಿಟ್ಟಿನ ಮೇಲೆ ಬರುತ್ತಿತ್ತು. ಡಿಸೆಂಬರಿನಲ್ಲಿ ಇಪ್ಪತ್ತೆರಡು ಬಂತು. ಬಿಲ್ಲನ್ನು ನನ್ನೆದುರಿಗೇ ಯಂತ್ರದಿಂದ ಹರಿದು, ಕಮ್ಮಿ ಬಂದಿದೆ ಎಂದಷ್ಟೇ ಹೇಳಿ ಜೇಬಿಗಿಟ್ಟುಕೊಂಡ. ಮಿಕ್ಸಿ ಇಲ್ಲ, ಟಿವಿ ಇಲ್ಲ, ಲೈಟೂ ಹಾಕುತ್ತಿಲ್ಲ ಎಂದು ಅದರಿಂದಲೇ ನನಗೆ ತಿಳಿದದ್ದು.

ಜನವರಿಯಲ್ಲಿ ಒಂದು ದಿನ ಪ್ಲಾಸ್ಟಿಕ್ ಫೈಲೊಂದನ್ನು ತಂದುಕೊಟ್ಟು, ಇನ್ಶೂರೆನ್ಸಿನವರು ಹನ್ನೊಂದಕ್ಕೆ ಬರುತ್ತಾರೆ, ಕೊಟ್ಟುಬಿಡಿ ಎಂದು ಕೆಲಸಕ್ಕೆ ಹೋದ. ನಾನು ತೆಗೆದು ನೋಡಬಾರದಿತ್ತು. ನೋಡಿದೆ. ಆಸ್ಪತ್ರೆಯ ಕಾಗದದಲ್ಲಿ ಕುಸುಮಾ ತೀರಿಕೊಂಡ ಹೊತ್ತು ಬರೆದಿತ್ತು. ಸಂಜೆ ನಾಲ್ಕು ಹತ್ತು.

ಅಂದಿನಿಂದ ನನ್ನ ಮನಸ್ಸು ನನ್ನದಾಗಿ ಉಳಿಯಲಿಲ್ಲ. ಯಜಮಾನರು ಕೆಮ್ಮಿದರೆ ಕೈಯಲ್ಲಿದ್ದದ್ದು ಬಿಟ್ಟು ಓಡುತ್ತಿದ್ದೆ. ಅವರು ಬಚ್ಚಲಿನಲ್ಲಿ ತಡ ಮಾಡಿದರೆ ಬಾಗಿಲು ತಟ್ಟುತ್ತಿದ್ದೆ. ಅವರಿಗೆ ಹೇಳುವ ಹಾಗಿಲ್ಲ, ಚನ್ನಕೇಶವನನ್ನು ಕೇಳುವ ಹಾಗೂ ಇಲ್ಲ. ಕೇಳಿದರೆ ಕದ್ದು ನೋಡಿದ್ದು ಹೊರಬೀಳುತ್ತದೆ. ಹೊರಬಿದ್ದ ಮೇಲೆ ಖಾಲಿ ಮಾಡು ಎನ್ನದೆ ವಿಧಿಯಿಲ್ಲ. ಹೆಂಡತಿ ಸತ್ತವನನ್ನು ನಕ್ಷತ್ರದ ಹೆಸರಿನಲ್ಲಿ ಬೀದಿಗೆ ಹಾಕಿದಳು ಎಂದು ನಾನೇ ನನಗೆ ಅಂದುಕೊಳ್ಳಬೇಕಾಗುತ್ತದೆ. ಅವನ ಮೇಲೆ ಸಿಟ್ಟಿತ್ತು. ಹನ್ನೊಂದು ವರ್ಷ ಅಕ್ಕಾ ಅಂದವನು ನನ್ನ ಗಂಡನ ಜೀವದ ವಿಷಯದಲ್ಲಿ ಸುಳ್ಳು ಹೇಳಿದ್ದ. ಅಷ್ಟರಲ್ಲಿ ಈ ನಾಯಿ ಬಂತು. ಎರಡು ದಿನ ಬಿಟ್ಟು ಯೋಚಿಸಿದಾಗ ನನಗೆ ಬೇಕಾಗಿದ್ದ ನೆಪ ನಾಲ್ಕು ಕಾಲಿನಲ್ಲಿ ನಡೆದು ಬಂದಿದೆ ಅನ್ನಿಸಿತು. ಕರಾರಿನಲ್ಲೇ ಇದೆಯಲ್ಲ. ಯುಗಾದಿಯೊಳಗೆ ನಾಯಿಯ ಮಾಲೀಕರು ಸಿಗಬೇಕು, ಸಿಗದಿದ್ದರೆ ನಾಯಿಯನ್ನಾದರೂ ಬಿಡು, ಮನೆಯನ್ನಾದರೂ ಬಿಡು ಎಂದು ಮೆಟ್ಟಿಲ ಹತ್ತಿರ ನಿಲ್ಲಿಸಿ ಹೇಳಿದೆ. ಆಯ್ತು ಅಕ್ಕಾ ಎಂದ. ಅವನು ನಾಯಿಯನ್ನು ಬಿಡುವುದಿಲ್ಲ ಎಂದು ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಹುಡುಕುವುದರಲ್ಲಿ ಮಾತ್ರ ಅವನು ಮೋಸ ಮಾಡಲಿಲ್ಲ. ಕೈಬರಹದ ಒಂದು ಚೀಟಿ ಮಾಡಿ ಜೆರಾಕ್ಸ್ ಹಾಕಿಸಿದ. ಅದನ್ನೂ ಬಿಲ್ಲಿನ ಹಾಗೆಯೇ ಬರೆದಿದ್ದ: ನಾಯಿ, ಗಂಡು. ಬಣ್ಣ ಕಂದು. ಪಟ್ಟಿ ಹಸಿರು. ಸಿಕ್ಕ ದಿನಾಂಕ ಇಂಥದ್ದು. ಸ್ಥಿತಿ ಚೆನ್ನಾಗಿದೆ. ಹಾಲಿನ ಬೂತು, ಮೆಡಿಕಲ್ ಶಾಪು, ಕ್ಲಿನಿಕ್ಕುಗಳ ಬಾಗಿಲು, ಹೊಸಹಳ್ಳಿ ಮೆಟ್ರೋ ಹತ್ತಿರದ ಟೀ ಅಂಗಡಿ, ಎಲ್ಲ ಕಡೆ ಅಂಟಿಸಿದ. ತನ್ನ ಬೀದಿಗಳಲ್ಲಿ ಅಂಟಿಸಲಿಲ್ಲ. ಅಲ್ಲಿಯದಲ್ಲ ಎಂದು ಅವನಿಗೆ ಖಾತ್ರಿ ಇತ್ತಲ್ಲ. ಸಂಜೆ ಸ್ಕೂಟರಿನ ಕಾಲಿಡುವ ಜಾಗದಲ್ಲಿ ನಾಯಿಯನ್ನು ನಿಲ್ಲಿಸಿಕೊಂಡು ಹೊರಡುತ್ತಿದ್ದ. ಹೆಗ್ಗನಹಳ್ಳಿಯಲ್ಲಿ ಇಂಥದ್ದೇ ಒಂದು ನಾಯಿ ಕಳೆದುಹೋಗಿದೆ ಎಂದು ಯಾರೋ ಫೋನ್ ಮಾಡಿದರೆಂದು ಅಲ್ಲಿಗೂ ಹೋದ. ಆ ಮನೆಯಾಕೆ ಬಗ್ಗಿ ನೋಡಿ, ನಮ್ಮದು ಹೆಣ್ಣು ಎಂದು ಬಾಗಿಲು ಹಾಕಿಕೊಂಡರಂತೆ. ಯಾರದಾದರೇನು, ಗೋಡೌನ್ ಕಾಯಲು ಬೇಕು, ಕೊಟ್ಟುಬಿಡಿ ಎಂದು ಇನ್ನೊಬ್ಬ ಕೇಳಿದನಂತೆ. ಇವನು ಕೊಡಲಿಲ್ಲ. ದಿನಾ ವಾಪಸ್ ಬಂದು ಗೇಟಿನಲ್ಲಿ ನನಗೆ ವರದಿ ಒಪ್ಪಿಸುತ್ತಿದ್ದ. ಇಲ್ಲ ಅಕ್ಕಾ, ಸಿಗಲಿಲ್ಲ. ಅದರಲ್ಲಿ ಬೇಜಾರೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ.

ನಾಯಿಗೆ ಅವನು ಹೆಸರಿಡಲಿಲ್ಲ. ಇನ್ನೊಬ್ಬರ ನಾಯಿಗೆ ನಾನು ಹೆಸರಿಡಬಾರದು ಎಂದ. ನಾನು ಅದು ಎನ್ನುತ್ತಿದ್ದೆ, ಯಜಮಾನರು ಏನೋ ಮರಿ ಎನ್ನುತ್ತಿದ್ದರು. ನಾನು ನೋಡುವುದಿಲ್ಲ ಎಂದುಕೊಂಡು ಅವರು ಬಿಸ್ಕತ್ತು ಹಾಕುತ್ತಿದ್ದದ್ದೂ ನನಗೆ ಗೊತ್ತು. ಅದು ಅವರ ಕಾಲ ಬಳಿ ಮಲಗಿದರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಯಾಕೆ ಎಂದು ಕೇಳಿದರೆ ಹೇಳಲಾರೆ. ಆ ದಿನಗಳಲ್ಲಿ ಮೆಟ್ಟಿಲಿಳಿದು ಬರುವ ಯಾವುದನ್ನು ಕಂಡರೂ ನನಗೆ ಹಾಗೇ ಆಗುತ್ತಿತ್ತು.

ಯುಗಾದಿ ಬಂತು. ಮೇಲಿನ ಮನೆಯಲ್ಲಿ ವರ್ಷದೊಳಗೆ ಹಬ್ಬವಿಲ್ಲ. ನಾನು ನಾಲ್ಕು ಒಬ್ಬಟ್ಟು ಕಳಿಸಿದೆ, ಎರಡು ನಾಯಿಯ ಹೊಟ್ಟೆ ಸೇರಿದವು. ಮಾರನೆಯ ದಿನ ನಾನು ಬಾಯಿ ಬಿಡುವ ಮೊದಲೇ ಅವನು, ಏಪ್ರಿಲ್ ಬಿಲ್ಲಿಂಗ್ ಮುಗಿಸಿ ಬೇರೆ ಮನೆ ನೋಡಿಕೊಳ್ಳುತ್ತೇನೆ ಎಂದ. ನನಗೆ ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೆಯೂ ಆಗಬೇಕಿತ್ತು. ಆವತ್ತು ಆಗಲಿಲ್ಲ.

ಏಪ್ರಿಲ್ ಮೊದಲ ವಾರ, ಗುರುವಾರ. ಹನ್ನೊಂದೂವರೆ ಇರಬೇಕು. ಚನ್ನಕೇಶವ ಬಿಲ್ಲಿಂಗ್ ನಡುವೆ ಮನೆಗೆ ಬಂದ. ಹನ್ನೊಂದು ವರ್ಷದಲ್ಲಿ ಅವನು ಅರ್ಧಕ್ಕೆ ಬಿಟ್ಟು ಬಂದದ್ದು ನನಗೆ ತಿಳಿದಂತೆ ಅದೇ ಮೊದಲು. ಯಂತ್ರ ಹೆಗಲಿನಲ್ಲೇ ಇತ್ತು, ಬೆಳಿಗ್ಗೆ ಅವನ ಜೊತೆಗೇ ಹೋಗಿದ್ದ ನಾಯಿ ಇರಲಿಲ್ಲ. ನೀರು ಕೊಟ್ಟೆ. ಕುಡಿಯದೆ ಲೋಟ ಹಿಡಿದುಕೊಂಡೇ ಕೂತು ಹೇಳಿದ.

ನಮ್ಮ ಮನೆಯಿಂದ ಆರು ಬೀದಿ ಆಚೆ, ಮೂಲೆಯಲ್ಲಿ ಒಂದು ಹಳೆಯ ಮನೆ. ಮೀಟರ್ ಗೇಟಿನ ಒಳಗೆ, ಪೋರ್ಟಿಕೋ ಗೋಡೆಯಲ್ಲಿದೆ. ಒಬ್ಬ ಅಜ್ಜಿ ಬಂದು ಗೇಟು ತೆಗೆಯುತ್ತಿದ್ದರು. ಬೇಸಿಗೆಯಲ್ಲಿ ಮಜ್ಜಿಗೆ ಕೊಡುತ್ತಿದ್ದರು. ಈ ಫೆಬ್ರವರಿಯಲ್ಲಿ ಹೋದಾಗ ಗೇಟಿಗೆ ಬೀಗವಿತ್ತು. ಇಂಥ ಕಡೆ ಯಂತ್ರದಲ್ಲಿ ಡೋರ್ ಲಾಕ್ ಎಂದು ಒತ್ತಿದರೆ ಹಿಂದಿನ ತಿಂಗಳುಗಳ ಸರಾಸರಿಯ ಮೇಲೆ ಬಿಲ್ ಬರುತ್ತದೆ. ಒತ್ತಿ, ಬಿಲ್ಲನ್ನು ಗೇಟಿಗೆ ಸಿಕ್ಕಿಸಿ ಮುಂದಕ್ಕೆ ಹೋದ. ಮಾರ್ಚಿನಲ್ಲೂ ಹಾಗೇ. ಹಿಂದಿನ ಬಿಲ್ಲು ಸಿಕ್ಕಿಸಿದಲ್ಲೇ ಇತ್ತು, ಅದನ್ನೂ ನೋಡಿದ್ದ. ಇವತ್ತು ಮೂರನೇ ಸಲ ಅದೇ ಗೇಟಿನ ಮುಂದೆ ನಿಂತು, ಬೀಗ ಕಾಣುತ್ತಿದ್ದರೂ ಅಭ್ಯಾಸದ ಮೇಲೆ "ಮೀಟ...ರ್" ಎಂದು ಕೂಗಿದ. ಜೊತೆಗಿದ್ದ ನಾಯಿ ನೆಲಕ್ಕೆ ಅಂಟಿಕೊಂಡು ಗೇಟಿನ ಅಡಿಯಿಂದ ನುಸುಳಿ, ಮನೆಯ ಪಕ್ಕದ ಸಂದಿಯಲ್ಲಿ ಓಡಿ, ಹಿಂದಿನ ಕೋಣೆಯ ಬಾಗಿಲ ಮುಂದೆ ಕೂತುಬಿಟ್ಟಿತು. ಕರೆದರೂ ಬರಲಿಲ್ಲ.

"ನನ್ನ ಬೀದೀದೇ ಅಕ್ಕಾ. ನಾನೇ ಎರಡು ಸಲ ಡೋರ್ ಲಾಕ್ ಒತ್ತಿ ಬಂದಿದೀನಿ. ಇದು ಒಳಗಿತ್ತು" ಎಂದ.

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಯಾಕೆ ಹೊರಟೆ ಎನ್ನುವುದನ್ನು ಮುಚ್ಚಿಡುವುದಿಲ್ಲ. ನಾಯಿಯನ್ನು ಒಪ್ಪಿಸಿದ್ದು ಕಣ್ಣಾರೆ ನೋಡಬೇಕಿತ್ತು.

ಗೇಟಿಗೆ ಸರಪಳಿ ಸುತ್ತಿ ಬೀಗ ಹಾಕಿದ್ದರು. ಮೂರು ಬಿಲ್ಲುಗಳು ಒಂದರ ಮೇಲೊಂದು ಸಿಕ್ಕಿಕೊಂಡಿದ್ದವು, ಮೊದಲನೆಯದರ ಅಕ್ಷರ ಬಿಸಿಲಿಗೆ ಅಳಿಸಿಹೋಗಿತ್ತು. ತುಳಸಿ ಒಣಗಿ ಕಡ್ಡಿಯಾಗಿತ್ತು. ಮುಂಬಾಗಿಲ ಹೊಸ್ತಿಲಿಗೆ ಅಡ್ಡವಾಗಿ ಒಂದು ಮುಳ್ಳಿನ ಕೊಂಬೆ ಇಟ್ಟಿದ್ದರು. ಅದನ್ನು ಕಂಡ ತಕ್ಷಣ ನನಗೆ ಎಲ್ಲ ತಿಳಿಯಿತು. ನಮ್ಮತ್ತೆಯೂ ಹೊಸಹಳ್ಳಿಯ ಮನೆಗೆ ಹಾಗೇ ಮುಳ್ಳು ಇಡಿಸಿದ್ದರು. ಚನ್ನಕೇಶವನೂ ಅದನ್ನೇ ನೋಡುತ್ತಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಎದುರು ಮನೆಯ ಹೆಂಗಸು, ಮಾಲವಿಕಾ ಎಂದು ಹೆಸರು, ನಮ್ಮನ್ನು ಕಂಡು ಹೊರಗೆ ಬಂದಳು. ಅಜ್ಜಿ ರಥಸಪ್ತಮಿಯ ಹಿಂದಿನ ದಿನ ಹೋದರು, ರೇವತಿ ನಕ್ಷತ್ರವಂತೆ, ಹದಿಮೂರನೆಯ ದಿನದವರೆಗೂ ಕಾಯದೆ ಮಗ, ಸೊಸೆ, ಮಗು ಎಲ್ಲರೂ ಕೆಂಗೇರಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಹೊರಟುಬಿಟ್ಟರು ಎಂದಳು. ನಾಯಿಗೆ ಅನ್ನ ಹಾಕಲು ಇವಳಿಗೇ ಹೇಳಿ ಹೋಗಿದ್ದರಂತೆ. ಎರಡು ವಾರ ಗೇಟಿನ ಮೇಲಿಂದ ಹಾಕಿದ್ದಾಳೆ. ಆಮೇಲೆ ಅಕ್ಕನ ಬಾಣಂತನಕ್ಕೆಂದು ಮೈಸೂರಿಗೆ ಹೋದವಳು ಬರುವಷ್ಟರಲ್ಲಿ ನಾಯಿ ಕಾಣಲಿಲ್ಲ, ಸತ್ತುಹೋಯಿತು ಅಂದುಕೊಂಡಿದ್ದೆ ಎಂದಳು. ಚನ್ನಕೇಶವನ ಯಂತ್ರ ನೋಡಿ ಅವಳಿಗೆ ಇನ್ನೊಂದು ನೆನಪಾಯಿತು.

"ನೀವು ಕೂಗಿದ್ ತಕ್ಷಣ ಅಜ್ಜಿ ಇವನನ್ನ ಹಿಂದಿನ ರೂಮಿಗೆ ಕೂಡೋರು ಅಣ್ಣ, ನಿಮ್ಮನ್ನ ಕಚ್ಚಿಬಿಟ್ಟಾನು ಅಂತ. ನೀವು ಹೋದ್ಮೇಲೆ ಬಾಗಿಲು ತೆಗೆದು ಒಂದು ಬಿಸ್ಕತ್ ಕೊಡೋರು. ಮೀಟರ್ ಅಂದ್ರೆ ಸಾಕು, ತಾನೇ ಹೋಗಿ ಅಲ್ಲಿ ಕೂತ್ಕೊಳ್ತಿದ್ದ."

ಚನ್ನಕೇಶವ ಆ ನಾಯಿಯನ್ನು ಒಂದು ದಿನವೂ ನೋಡಿರಲಿಲ್ಲ. ನಾಯಿಗೆ ಅವನ ದನಿ ಪರಿಚಯವಿತ್ತು. ಮಾರ್ಚಿನ ಆ ದಿನ ಅವನು ಕೂಗಿದ್ದನ್ನು ಕೇಳಿ, ಬಾಗಿಲು ತೆಗೆಯುವವರು ಬಂದಾರು ಎಂದು ಎಷ್ಟು ಹೊತ್ತು ಕಾದಿತ್ತೋ, ಆಮೇಲೆ ಆ ದನಿಯ ಹಿಂದೆ ಹೊರಟಿತ್ತು. ಇವನು ಆ ಹೊತ್ತಿಗೆ ಡೋರ್ ಲಾಕ್ ಒತ್ತಿ ಮೂರು ಬೀದಿ ಮುಂದಿದ್ದ.

ಮಾಲವಿಕಾ ನಂಬರು ಕೊಟ್ಟಳು. ಅಜ್ಜಿಯ ಮಗನ ಹೆಸರು ಶ್ರೀರಾಮ್. ಚನ್ನಕೇಶವ ಫೋನನ್ನು ಸ್ಪೀಕರಿಗೆ ಹಾಕಿ ಇದ್ದದ್ದನ್ನು ಹೇಳಿದ. ಆ ಕಡೆಯವನು ಮೊದಲು ಬದುಕಿದೆಯಾ ಎಂದು ಕೇಳಿದ. ಕೆಟ್ಟ ಮನುಷ್ಯನಲ್ಲ. ಅವರ ಮನೆಯ ಪುರೋಹಿತರು ಆ ಮನೆಯ ಒಂದು ಕಡ್ಡಿಯನ್ನೂ ಹೊರಗೆ ತರಬೇಡಿ ಎಂದಿದ್ದರಂತೆ. ಬಟ್ಟೆ, ಪಾತ್ರೆ, ಮಗುವಿನ ಸೈಕಲ್ಲು, ಎಲ್ಲ ಒಳಗೇ ಇದೆ. ಮಗುವಿಗೆ ಒಂದೂವರೆ ವರ್ಷ.

"ನಾಯೀನೂ ಆ ಮನೇದೇ ಅಲ್ವಾ ಸಾರ್. ಹೆಂಗೆ ತರ್ಲಿ. ಆರು ತಿಂಗಳು ಮುಗೀಲಿ, ಶ್ರಾವಣದಲ್ಲಿ ಬಾಗಿಲು ತೆಗೀತೀವಿ. ಅಲ್ಲೀವರ್ಗೂ ನೀವೇ ಇಟ್ಕೊಂಡ್ರೆ ದೊಡ್ಡ ಉಪಕಾರ. ಸುಬ್ಬು ಅಂತ ಕರೀರಿ, ಬರ್ತಾನೆ."

ಫೋನ್ ಇಟ್ಟ ಮೇಲೆ ಮಾಲವಿಕಾ ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ಹೋದಳು. ಬಿಸಿಲು ನೆತ್ತಿಗೆ ಬಂದಿತ್ತು. ಮಗು ಇರುವವರು ಭಯಪಟ್ಟದ್ದರಲ್ಲಿ ತಪ್ಪು ಹುಡುಕಲು ನನಗೆ ಬಾಯಿಲ್ಲ. ನಾನೂ ಅದೇ ಭಯದವಳು. ಆದರೆ ನಾಯಿಯನ್ನು ಬಟ್ಟೆ ಪಾತ್ರೆಗಳ ಜೊತೆ ಸೇರಿಸಿ ಬೀಗ ಹಾಕಿ ಹೋದರಲ್ಲ ಎಂದುಕೊಂಡು ಗೇಟಿನ ಮೇಲಿಂದ ಬಗ್ಗಿ ನೋಡಿದೆ. ಸಂದಿಯ ಕೊನೆಯಲ್ಲಿ ಅದರ ಬೆನ್ನು ಕಾಣುತ್ತಿತ್ತು. ಮುಚ್ಚಿದ ಬಾಗಿಲಿಗೆ ಮೂಗು ತಾಗಿಸಿ ಕೂತಿತ್ತು. ಬೊಗಳಲಿಲ್ಲ, ಕೆರೆಯಲಿಲ್ಲ. ಸರದಿಯಲ್ಲಿ ಕೂತವರ ಹಾಗೆ ಕೂತಿತ್ತು.

ಚನ್ನಕೇಶವ ಯಂತ್ರ ತೆಗೆದು ಡೋರ್ ಲಾಕ್ ಒತ್ತಲಿಲ್ಲ. ಗೇಟಿನ ಸರಪಳಿ ಹಿಡಿದುಕೊಂಡು ನಿಂತಿದ್ದ.

"ಅಕ್ಕಾ, ಕುಸುಮಾ ಹೋಗಿದ್ದು ಎರಡೂವರೆಗಲ್ಲ. ನಾಲ್ಕು ಹತ್ತಕ್ಕೆ. ಧನಿಷ್ಠಾ ಬಂದಿತ್ತು. ನಮ್ಮ ಭಾವ ಮೊಬೈಲಲ್ಲಿ ನೋಡಿ ಹೇಳಿದ್ದ, ಗೊತ್ತಿದ್ದೇ ನಿಮಗೆ ಸುಳ್ಳು ಹೇಳ್ದೆ. ಯಜಮಾನ್ರಿಗೆ ಹಾರ್ಟು ಹಂಗಿದೆ ಅಂತಾನೂ ಗೊತ್ತಿತ್ತು. ನಾಳೇನೇ ಖಾಲಿ ಮಾಡ್ತೀನಿ."

ನನಗೆ ಬೇಕಾದದ್ದು ಆಯಿತು. ಮೂರು ತಿಂಗಳು ಕಾದಿದ್ದೆ. ಅವನ ಬಾಯಿಂದಲೇ ಬಂತು, ನನ್ನ ಮೇಲೆ ಏನೂ ಇಲ್ಲ. ಆಯಿತಪ್ಪ ಎಂದು ಹೇಳಿ ಮನೆಗೆ ನಡೆದರೆ ಮುಗಿಯುತ್ತಿತ್ತು. ನಡೆಯಲಾಗಲಿಲ್ಲ.

"ಗೊತ್ತು ಕಣಪ್ಪಾ. ಜನವರೀಲೇ ನಿನ್ನ ಫೈಲು ತೆಗೆದು ನೋಡಿದೀನಿ" ಎಂದೆ.

ಅವನು ತಲೆ ಎತ್ತಿ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ತಿಂಗಳುಗಟ್ಟಲೆ ಮೀಟರ್ ನೋಡುವ ಹಾಗೆಯೇ ಎಲ್ಲವನ್ನೂ ನೋಡುತ್ತಿದ್ದ ಕಣ್ಣು. ಆಗ ನಾನು, ದೀಪಾವಳಿ ಕಳೆದ ಎಂಟನೇ ದಿನ ಸಂಜೆ ಐದು ಗಂಟೆಗೆ ಕೇಳಬೇಕಾಗಿದ್ದನ್ನು ಕೇಳಿದೆ.

"ಕುಸುಮಾ ಕೊನೇಲಿ ಏನಂದ್ಲು ಚನ್ನಕೇಶವಾ?"

ಸರಪಳಿ ಅವನ ಕೈಯಲ್ಲಿ ಒಂದು ಸಲ ಸದ್ದು ಮಾಡಿತು. ಇಷ್ಟು ದಿನ ಯಾರೂ ಕೇಳಿರಲಿಲ್ಲ ಎಂದು ಕಾಣುತ್ತದೆ. ಎಲ್ಲರೂ ಹೊತ್ತು ಕೇಳಿದ್ದರು.

"ಮನೆಗೆ ಹೋಗಣ ನಡೀರಿ ಅಂದ್ಲು. ಮೂರು ಸಲ ಅಂದ್ಲು. ನಾಳೆ ಹೋಗಣ ಅಂದೆ. ನೀವು ಎಷ್ಟೊತ್ತಿಗೆ ಅಂತ ಕೇಳಿದಾಗ ನಂಗೆ ಅರ್ಥ ಆಯ್ತು. ನಾಲ್ಕು ಹತ್ತು ಅಂದ್ರೆ ಬೀಗ ಹಾಕಿಸ್ತಾರೆ. ಬೀಗ ಹಾಕಿದ್ರೆ ಅವಳು ಎಲ್ಲಿಗೆ ಬರ್ತಾಳೆ ಅಕ್ಕಾ."

ಅಷ್ಟು ಹೇಳಿ ಅವನು ಅಳಲಿಲ್ಲ. ನಾನು ಅತ್ತೆ. ಗೊತ್ತಿಲ್ಲದವರ ಗೇಟಿನ ಮುಂದೆ, ನಡು ಮಧ್ಯಾಹ್ನ, ಸೆರಗು ಬಾಯಿಗೆ ಹಿಡಿದು ಅತ್ತೆ. ಕುಸುಮಾಳಿಗೆ ನಾನು ಅತ್ತದ್ದು ಅದೇ ಮೊದಲು. ಐದು ತಿಂಗಳಲ್ಲಿ ನನಗೆ ಭಯಪಡಲು ಪುರಸೊತ್ತಿತ್ತು, ಅವಳಿಗಾಗಿ ಅಳಲು ಇರಲಿಲ್ಲ.

ಮುಖ ಒರೆಸಿಕೊಂಡು, ಇನ್ನು ಒಂದು ತಿಂಗಳು ಕಳೆದರೆ ಆರು ತಿಂಗಳು ತುಂಬುತ್ತದೆ, ಇಷ್ಟು ದಿನ ಇಲ್ಲದ್ದು ಇನ್ನೇನು, ಖಾಲಿ ಮಾಡಬೇಡ ಎಂದೆ. ಧೈರ್ಯದಿಂದ ಹೇಳಿದ ಮಾತಲ್ಲ. ಹೇಳುವಾಗಲೂ ಜಗಲಿಯಲ್ಲಿ ಪೇಪರ್ ಹಿಡಿದು ಕೂತಿರುವ ನನ್ನ ಗಂಡ ಕಣ್ಣ ಮುಂದಿದ್ದರು. ಆ ಭಯ ಹೋಗಿಲ್ಲ. ಅವರು ಚೆನ್ನಾಗಿಯೇ ಇದ್ದಾರೆ, ಇದನ್ನು ಹೇಳುತ್ತಿರುವ ಈಗಲೂ ಅವರು ಕೆಮ್ಮಿದರೆ ಕಿವಿ ಆ ಕಡೆ ಹೋಗುತ್ತದೆ.

ನಾಯಿಯನ್ನು ಕರೆ ಎಂದೆ. ಸುಬ್ಬು ಎಂದು ಕರೆಯಲು ಅವನಿಗೆ ಬಾಯಿ ಬರಲಿಲ್ಲ. ನಾನೇ ಕರೆದೆ. ನೆಟ್ಟಗಿದ್ದ ಕಿವಿ ತಿರುಗಿತು, ಅದು ಏಳಲಿಲ್ಲ. ಅದಕ್ಕೆ ಬಾಗಿಲು ತೆಗೆಯುವವರು ಬರಬೇಕಿತ್ತು. ಕೊನೆಗೆ ಚನ್ನಕೇಶವ ಎರಡು ಹೆಜ್ಜೆ ಹಿಂದೆ ಸರಿದು, ನಿಧಾನವಾಗಿ "ಮೀಟ...ರ್" ಎಂದ. ಅದು ನಮ್ಮನ್ನು ನೋಡಿತು, ಬಾಗಿಲನ್ನು ಇನ್ನೊಂದು ಸಲ ನೋಡಿತು, ಎದ್ದು ಬಂದು ಗೇಟಿನ ಅಡಿಯಿಂದ ಹೊರಗೆ ನುಸುಳಿತು.

ಮೂವರೂ ನಡೆದುಕೊಂಡೇ ಬಂದೆವು. ನಮ್ಮ ಗೇಟಿನ ಹತ್ತಿರ ಬಂದಾಗ ಅವನು ಹೊರಗೇ ನಿಂತ, ಒಳಗೆ ಬರಲೋ ಬೇಡವೋ ಎನ್ನುವ ಹಾಗೆ. ನಾಯಿಯೂ ಅವನ ಪಕ್ಕದಲ್ಲಿ ನಿಂತಿತು. ನಾನು ಗೇಟಿನ ಎರಡೂ ಬಾಗಿಲುಗಳನ್ನು ಗೋಡೆಗೆ ತಾಗುವವರೆಗೆ ತೆಗೆದು, ಒಳಗೆ ಹೋಗಿ ಅಡಿಗೆ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿ ಹುಡುಕಿದೆ.